ಮೈದಾನದ ನಡುವೆ ನಿಂತ ಹುಡುಗಿ

ಹ್ಯಾಲೋವೆಲ್, ಓಕ್ಲಹೋಮ
ಏಪ್ರಿಲ್ 24, 2023, ಸೋಮವಾರ

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಅರಿಜೋನಾದ ಒಣಹವೆ ನಿಮಗೆ ಒಗ್ಗಿದೆ ಎಂದು ಅಕ್ಕ ಹೇಳಿದಳು. ಅವಳ ಕಣ್ಣು ತಪ್ಪಿಸಿ ಸಿಹಿ ಪೈ ತಿನ್ನುತ್ತೀರೆಂದೂ ಹೇಳಿದಳು. ಆ ಜಗಳ ಆಮೇಲೆ. ನನಗೆ ಜ್ವರವಿಲ್ಲ, ಕೆಮ್ಮಿಲ್ಲ, ಆದರೆ ಶುಕ್ರವಾರದಿಂದ ಊಟ ಸೇರುತ್ತಿಲ್ಲ. ಬೇರೆಯವರ ಬಾಯಿಂದ ನಿಮಗೆ ತಿಳಿಯುವ ಮೊದಲು ನಾನೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶುಕ್ರವಾರ ಶಾಲೆಯ ಭೂಮಿ ಓಟವಿತ್ತು. ಐದನೆಯ ತರಗತಿಗೆ ಚರಿತ್ರೆ ಕಲಿಸುವಾಗ ನೀವು ಆರಂಭಿಸಿದ ಪದ್ಧತಿ ಇಂದಿಗೂ ಹಾಗೆಯೇ ಇದೆ. ಆಟದ ಗಾಡಿಗಳಿಗೆ ಬೆಡ್‌ಶೀಟಿನ ಕಮಾನು, ಹುಡುಗಿಯರಿಗೆ ಅಮ್ಮಂದಿರು ಹೊಲಿದ ಟೊಪ್ಪಿಗೆ. ಸೀಟಿ ಊದಿದೊಡನೆ ಎಲ್ಲರೂ ಮೈದಾನಕ್ಕೆ ನುಗ್ಗಿ, ಬಾವುಟ ನೆಟ್ಟು, 1889ರಲ್ಲಿ ಸರ್ಕಾರ ಬಿಟ್ಟುಕೊಟ್ಟ ಜಮೀನು ಹಿಡಿಯಲು ಓಡಿ ಬಂದ ವಲಸೆಗಾರರಂತೆ “ಇದು ನನ್ನ ಜಮೀನು” ಎಂದು ಕೂಗಬೇಕು. ಹಿಂದಿನ ದಿನ ನನ್ನ ತರಗತಿಯ ಕೆನ್ಸಿ ಟೈಗರ್ ಎಂಬ ಮಸ್ಕೋಗಿ ಮೂಲನಿವಾಸಿ ಜನಾಂಗದ ಹುಡುಗಿ ನನ್ನ ಮೇಜಿನ ಹತ್ತಿರ ಬಂದು, “ಮಿಸ್, ಓಟಕ್ಕಿಂತ ಮುಂಚೆ ಅಲ್ಲಿ ನಮ್ಮೋರು ಇದ್ರಲ್ವಾ? ನಾನು ಓಡಲ್ಲ, ಮಧ್ಯದಲ್ಲಿ ನಿಂತ್ಕೊಳ್ಲಾ?” ಎಂದಳು. ಅವಳ ಮಾತು ಸತ್ಯ. ಆಗಲಿ ಎಂದೆ.

ಸೀಟಿ ಊದಿದೆ. ಮಕ್ಕಳು ಓಡಿದರು, ಅವಳ ಹತ್ತಿರ ಬರುತ್ತಲೇ ನಿಂತರು. ಒಬ್ಬ ಹುಡುಗ ಬಾವುಟ ಹಿಡಿದು, “ಮಿಸ್, ಇವ್ಳನ್ನ ಏನ್ ಮಾಡೋದು?” ಎಂದು ಕೂಗಿದ. ಯಾರೂ ನಗಲಿಲ್ಲ. ಬೇಲಿಯಾಚೆ ಪೋಷಕರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ನಿಮ್ಮ ಹಳೆಯ ವಿದ್ಯಾರ್ಥಿ ಡ್ವೇನ್ ಸ್ಟಬಲ್‌ಫೀಲ್ಡ್ ಈಗ ಶಾಲಾ ಮಂಡಳಿಯ ಸದಸ್ಯ. ಅವನು ಬೇಲಿಗೆ ಒರಗಿ, “ಚೆನ್ನಾಗಿದೆ ಮೇಡಂ! ಅಪ್ಪ ಕಟ್ಟಿದ್ದನ್ನ ಮಗಳೇ ಕೆಡವಿದ್ಲು” ಎಂದ. ಜನಾಂಗದ ಹೆಸರಿನಲ್ಲಿ ಮಕ್ಕಳಲ್ಲಿ ತಪ್ಪಿತಸ್ಥ ಭಾವನೆ ತುಂಬಬಾರದೆಂಬ ಕಾನೂನನ್ನು ನಾನು ಮುರಿದಿದ್ದೇನೆ ಎಂದು ಸಂಜೆಯೊಳಗೆ ದೂರು ಬಂತು. ಗುರುವಾರ ಮಂಡಳಿಯ ಸಭೆ. ಅಲ್ಲಿ ಸೋತರೆ ಕೆಲಸ ಮಾತ್ರವಲ್ಲ, ಪಾಠ ಹೇಳುವ ಪರವಾನಗಿಯೂ ಹೋಗಬಹುದು. ಬೇರೆ ಯಾವ ಕೆಲಸವೂ ನನಗೆ ಬಾರದು, ನಿಮಗೇ ಗೊತ್ತು.

ಇವತ್ತು ಸರ್ಕಾರದ ಮೂರು ಅಂಗಗಳ ಪಾಠ ಮಾಡಿದೆ. ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಆದರೂ ಒಂದೊಂದು ವಾಕ್ಯಕ್ಕೂ ಬಾಗಿಲ ಕಡೆ ನೋಡುತ್ತಿದ್ದೆ. ಕೆನ್ಸಿ ಊಟದ ಬಿಡುವಿನಲ್ಲಿ ಹೊರಗೆ ಹೋಗದೆ ಉಳಿದು, “ನನ್ನಿಂದ ನಿಮ್ಗೆ ತೊಂದ್ರೆ ಆಯ್ತಾ, ಮಿಸ್?” ಎಂದು ಕೇಳಿದಳು. ಇಲ್ಲ ಎಂದೆ. ಅವಳು ನಂಬಲಿಲ್ಲ. ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಪರಿಚಯದವರು ಬೇರೆ ಸಾಲಿಗೆ ಸರಿದರು. ಮನೆಯ ಮುಂದೆ ಕಾರು ನಿಧಾನವಾದರೆ ಸಾಕು, ದೀಪ ಆರಿಸಿಬಿಡುತ್ತೇನೆ.

ಮಂಡಳಿಯವರು ಕ್ಷಮೆ ಕೇಳು ಎನ್ನುತ್ತಾರೆ. ಕೇಳಿದರೆ, ಕೆನ್ಸಿಯನ್ನು ನಿಲ್ಲಲು ಬಿಟ್ಟದ್ದೇ ತಪ್ಪು ಎಂದು ಸಭೆಯಲ್ಲಿ ಆ ಮಗುವಿನ ಹೆಸರು ಹಿಡಿದು ಹೇಳಬೇಕಾಗುತ್ತದೆ. ಅದೊಂದು ನನ್ನಿಂದಾಗದು.

ಅಕ್ಕನಿಗೂ ಮಕ್ಕಳಿಗೂ ನೆನಪು ಹೇಳಿ. ಮಾತ್ರೆ ಮರೆಯಬೇಡಿ.

ನಿಮ್ಮ ಮಗಳು,
ರೋವೆನಾ

ಇನ್ನೊಂದು ಮಾತು: ಲಕೋಟೆ ಅಂಟಿಸುವಾಗ ಮುಖ್ಯೋಪಾಧ್ಯಾಯಿನಿಯ ಫೋನ್ ಬಂತು. ಓಟ ಆರಂಭಿಸಿದವರೆಂದು ಡ್ವೇನ್ ನಿಮ್ಮನ್ನು ಸಭೆಗೆ ಕರೆದಿದ್ದಾನಂತೆ, ನೀವೂ ಒಪ್ಪಿದ್ದೀರಂತೆ. ಕಾಗದ ತಲುಪುವಷ್ಟರಲ್ಲಿ ನೀವು ಹೊರಟಿರಬಹುದು, ಆದರೂ ಹಾಕುತ್ತೇನೆ. ಫೋನ್ ಎತ್ತಿ ಯಾರ ಪರ ಮಾತಾಡುತ್ತೀರಿ ಎಂದು ಕೇಳುವ ಧೈರ್ಯ ನನಗಿಲ್ಲ. ಯಾರ ಪರವಾದರೂ ಸರಿ, ಹೋಟೆಲಿಗೆ ಹೋಗಬೇಡಿ. ಮನೆಗೇ ಬನ್ನಿ.