ಒಳಗೆ ಹಿಡಿದ ಹೊಲಿಗೆ

ಜೂನ್ 8, ಶನಿವಾರ

ಬೆಳಿಗ್ಗೆ ಫಸ್ಟ್ ಬಸ್ಸಿಗೆ ಚಿಕ್ಕಮಗಳೂರು, ಪೂಲ್, ವಾಪಸ್ ಆಲ್ದೂರು. ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಬ್ಲೌಸಿನವ್ರು ಮೂರು ಜನ ಕಾಯ್ತಾ ನಿಂತಿದ್ರು, ಮುಖ ಊದಿಸ್ಕೊಂಡು. ಊದಿಸ್ಕೊಳ್ಳಲಿ. ನಮ್ಮ ಮೋನಿಕಾಗೆ ಇವತ್ತು ಈಜಿನ ರೇಸಿಂಗ್ ಸೂಟ್ ಬಂತು.

ಕೋಚ್ ಹರ್ಷವರ್ಧನ ಸರ್ ತಂದ್ರು. ಬೆಂಗಳೂರಲ್ಲಿ ಯಾವುದೋ ಹುಡುಗಿ ಹಾಕಿ ಬಿಟ್ಟಿದ್ದಂತೆ. ಕಪ್ಪು. ಭುಜದಿಂದ ಮಂಡಿ ಹತ್ತಿರದವರೆಗೆ. ಕೈಯಲ್ಲಿ ಹಿಡಿದ್ರೆ ಅಂಗನವಾಡಿ ಮಗು ಬಟ್ಟೆ ಅಷ್ಟೇ ಕಾಣುತ್ತೆ. ಇದರೊಳಗೆ ಹದಿನಾಲ್ಕು ವರ್ಷದವಳು ಹೋಗೋದು ಹೇಗೆ? ಇಪ್ಪತ್ತೆರಡು ವರ್ಷದಿಂದ ಮಿಷನ್ ತುಳೀತಿದೀನಿ, ಇಂಥ ಬಟ್ಟೆ ಮುಟ್ಟಿರಲಿಲ್ಲ.

"ಬಿಗಿ ಇರ್ಬೇಕು ಪ್ರೇಮಕ್ಕ. ಒಳಗೆ ನೀರು ಹೋದ್ರೆ ಸ್ಪೀಡ್ ಹೋಯ್ತು" ಅಂದ್ರು ಸರ್. "ಆದ್ರೆ ಹಳೇದು. ಹಾಕ್ತಾ ಹಾಕ್ತಾ ಸಡಿಲ ಬಿಡುತ್ತೆ. ಆಗಸ್ಟಲ್ಲಿ ಸ್ಟೇಟ್ ಮೀಟ್, ಅಲ್ಲಿವರೆಗೆ ಬಂದ್ರೆ ಸಾಕು."

ಹಾಕಿಸೋಕೆ ಇಪ್ಪತ್ತೈದು ನಿಮಿಷ! ಪಾದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ ಜಾರಿಸ್ಬೇಕು. ಉಗುರು ತಾಗಿಸಬಾರದು, ಹೆಬ್ಬೆರಳಲ್ಲೇ ಇಂಚಿಂಚು ಏರಿಸ್ಬೇಕು. ನಾನು ಎಳೆಯೋದು, ಅವಳು ಸ್ಟೂಲ್ ಹಿಡ್ಕೊಂಡು ಕುಣಿಯೋದು. "ಅಮ್ಮ, ದಿಂಬನ್ನ ಕವರಿಗೆ ತುರುಕಿದ ಹಾಗೆ ತುರುಕ್ತಿದೀಯ." ಇಬ್ರಿಗೂ ನಗು.

ಸ್ನಾನ ಮಾಡಿಸೋದು ಬಿಟ್ಟು ಐದಾರು ವರ್ಷ ಆಯ್ತು. ಈ ವಯಸ್ಸಲ್ಲಿ ಮೈ ಮುಟ್ಟಿಸ್ಕೊಳ್ಳಲ್ಲ. ಈ ಸೂಟಿನ ದೆಸೆಯಿಂದ ಮತ್ತೆ ಕೈಗೆ ಸಿಕ್ಕಿದ್ಲು. ಖುಷಿ ಆಯ್ತು.

ಜೂನ್ 23, ಭಾನುವಾರ

ಸೆಲೆಕ್ಷನ್. ನೂರು ಮೀಟರ್ ಫ್ರೀಸ್ಟೈಲ್, ಎರಡು ಸೆಕೆಂಡ್ ಇಳಿಸಿದ್ಲು. ಸ್ಟೇಟಿಗೆ ಹೋಗ್ತಾಳೆ! ಶಿಫಾಗೆ ಸ್ವಲ್ಪದರಲ್ಲಿ ತಪ್ಪಿಹೋಯ್ತು. ಪಾಪ. ಅವಳೂ ನಮ್ಮೂರವಳೇ, ಗ್ಯಾರೇಜ್ ಅಹಮದಣ್ಣನ ಮಗಳು. ಒಂದೇ ಕ್ಲಾಸು, ಒಂದೇ ಬಸ್ಸು, ಮೈ ಅಳತೆ ಕೂಡ ಒಂದೇ. ಈ ತಿಂಗಳ ಮೊದಲಲ್ಲಿ ಇಬ್ಬರ ಯೂನಿಫಾರ್ಮನ್ನೂ ಒಂದೇ ಕಟಿಂಗಲ್ಲಿ ಹೊಲಿದಿದ್ದೆ.

ಸೂಟ್ ಬಿಚ್ಚಿದ ಮೇಲೆ ಮೋನಿಕಾ ತೊಡೆ ಮೇಲೆ ಕೆಂಪು ಗೆರೆ. ಮನೇಲಿ ಕೊಬ್ಬರಿ ಎಣ್ಣೆ ಹಚ್ಚಿದೆ. ಹಚ್ಚಿಸ್ಕೊಂಡ್ಲು, ಸುಮ್ಮನೆ.

ಜುಲೈ 14, ಭಾನುವಾರ

ಇವತ್ತು ಸೂಟ್ ಹತ್ತೇ ನಿಮಿಷಕ್ಕೆ ಏರ್ತು. ಪಕ್ಕೆ ಹತ್ತಿರ ಸಡಿಲ. ಡೈವ್ ಹೊಡೆದ ತಕ್ಷಣ ನೀರು ನುಗ್ತು ಅಂದ್ಲು. ಟೈಮೂ ಹಿಂದೆ ಬಿದ್ದಿದೆ. ಸರ್ ಹೇಳಿದ್ದು ನಿಜ, ಎಲಾಸ್ಟಿಕ್ ಸತ್ತಿದೆ.

ಬೇರೆ ಹುಡುಕ್ತೀನಿ ಅಂದ್ರು ಸರ್. ನಾನಿರುವಾಗ ಬೇರೆ ಯಾಕೆ? ಮನೆಗೆ ತಂದು, ಸಣ್ಣ ಸೂಜಿ ಹಾಕಿ, ಎಳೆದ್ರೂ ಹರಿಯದ ಹಾಗೆ ಜಿಗ್‌ಜಾಗ್ ಹೊಡೆದೆ. ಎರಡೂ ಪಕ್ಕ ಕಾಲು ಕಾಲು ಇಂಚು ಒಳಗೆ ಹಿಡಿದೆ. ಬಟ್ಟೆ ಕತ್ತರಿಸಲಿಲ್ಲ. ಬೆಳೆಯೋ ಮಕ್ಕಳ ಬಟ್ಟೆ, ನಾಳೆ ಮತ್ತೆ ಬಿಚ್ಚಬೇಕಾಗುತ್ತೆ. ಹೊಲಿಗೆ ನೋಡಿದ್ರೆ ಕಂಪನಿಯವ್ರೇ ಹೊಲಿದ ಹಾಗಿದೆ. ನನಗೆ ನಾನೇ ಶಹಬ್ಬಾಸ್ ಅಂದ್ಕೊಂಡೆ.

ಜುಲೈ 20

ಬಚ್ಚಲಲ್ಲಿ ಇರುವೆ. ಪುಡಿ ಹಾಕಿದೆ. ನಿನ್ನೆಯೂ ಹಾಕಿದ್ದೆ.

ಮೋನಿಕಾ ಎಷ್ಟು ನೀರು ಕುಡೀತಾಳೆ ಮಾರಾಯ್ತಿ... ಎರಡು ಬಾಟ್ಲಿ ಸ್ಕೂಲಿಗೆ ಹೊತ್ಕೊಂಡು ಹೋಗ್ತಾಳೆ. ಬೆಳಿಗ್ಗೆ ಆರು ಅಕ್ಕಿರೊಟ್ಟಿ. "ಈಜೋ ಮಕ್ಕಳು ತಿಂತಾರೆ ಕಣೇ, ಲೆಕ್ಕ ಇಡಬೇಡ" ಅಂದ್ರು ಇವ್ರು. ಆದ್ರೂ ಸುಸ್ತು ಅಂತಾಳೆ. ಬಾಟ್ಲಿಗೆ ಗ್ಲೂಕೋಸ್ ಪುಡಿ ಎರಡು ಚಮಚ ಜಾಸ್ತಿ ಹಾಕಿ ಕೊಟ್ಟೆ.

ಆಗಸ್ಟ್ 4, ಭಾನುವಾರ

ಗಿರಿಜಾಂಬಾ ಅವ್ರು ಬ್ಲೌಸಿಗೆ ಬಂದಿದ್ರು. ಟೇಪ್ ಹಿಡಿದೆ. "ಹೋದ ತಿಂಗಳು ತಾನೇ ಅಳತೆ ತಗೊಂಡಿದ್ದೆ" ಅಂದ್ರು. ಹಳೇ ಅಳತೆ ನಂಬಲ್ಲ ನಾನು, ಯಾರದ್ದೇ ಇರಲಿ.

ಮೋನಿಕಾ ಒಳಗಿಂದ ಕಾಫಿ ತಂದ್ಲು. ಅವ್ರು ಮೇಲಿಂದ ಕೆಳಗೆ ನೋಡಿದ್ರು. "ಏನೇ ಪ್ರೇಮಾ, ಹುಡುಗಿ ಹೀಗೆ ಸೊರಗಿದಾಳೆ? ಕೊರಳ ಮೂಳೆ ಎದ್ದಿದೆ. ಡಾಕ್ಟರಿಗೆ ತೋರಿಸ್ದ್ಯಾ?"

ಮೈಯೆಲ್ಲ ಉರಿದುಹೋಯ್ತು. ನಮ್ಮ ಮಗು ಸ್ಟೇಟಿಗೆ ಹೋಗ್ತಿದೆ, ಅದನ್ನ ಕೇಳಲ್ಲ, ಮೂಳೆ ಕಾಣುತ್ತಂತೆ. ನಮ್ಮನೆಯವ್ರು ಓಡಿಸೋದು ಅವ್ರ ಎಸ್ಟೇಟ್ ಜೀಪೇ. ಬಾಯಿ ಬಿಡೋ ಹಾಗಿಲ್ಲ. "ಈಜಿ ಈಜಿ ಗಟ್ಟಿಯಾಗಿದಾಳೆ ಅಮ್ಮ" ಅಂದೆ.

ಅವ್ರು ಹೋದ ಮೇಲೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟೇ ಬರಲಿಲ್ಲ. ದೃಷ್ಟಿಯೇ ಆಗಿದೆ, ಅನುಮಾನವೇ ಇಲ್ಲ.

ಆಗಸ್ಟ್ 17, ಶನಿವಾರ

ಮತ್ತೆ ಸಡಿಲ. ಇವತ್ತು ಅವಳೇ ಹಾಕ್ಕೊಂಡು ಈಚೆ ಬಂದ್ಲು. ನನ್ನ ಕೈ ಬೇಕಾಗಲಿಲ್ಲ. ಬೇಜಾರಾಯ್ತು, ಸುಳ್ಳು ಯಾಕೆ.

ದರಿದ್ರ ಬಟ್ಟೆ. ಇನ್ನೊಂದು ವಾರ ತಡೀಬಾರದಾ? ಎರಡೂ ಪಕ್ಕ ಅರ್ಧರ್ಧ ಇಂಚು ಹಿಡಿದೆ, ಹೋದ ಸಲದ ಹೊಲಿಗೆ ಪಕ್ಕದಲ್ಲೇ. ಹೊಲೀತಿರುವಾಗ ಮೋನಿಕಾ ಬಂದು ಬಟ್ಟೆ ರಾಶಿ ಮೇಲೆ ತಲೆ ಇಟ್ಲು. "ಅಮ್ಮ, ಸ್ಟೇಟ್ ಮುಗಿದ ಮೇಲೆ ಎರಡು ದಿನ ಮಲಗಿಬಿಡ್ತೀನಿ. ಎಬ್ಬಿಸಬೇಡ."

ಆಯ್ತು ಅಂದೆ.

ಆಗಸ್ಟ್ 23, ಶುಕ್ರವಾರ, ಬೆಳಿಗ್ಗೆ 5

ಬೆಂಗಳೂರಿಗೆ ಹೊರಟ್ವಿ, ಮೂರೂ ಜನ. ನಿನ್ನೆ ಎರಡು ಸಲ ವಾಂತಿ ಆಯ್ತು ಅವಳಿಗೆ. ಹೆದರಿಕೆ ಇರ್ಬೇಕು. ಬಸ್ಸಿಗೆ ಶುಂಠಿ ಇಟ್ಕೊಂಡಿದೀನಿ. ಸೂಟ್, ಟವೆಲ್, ಪ್ಲಾಸ್ಟಿಕ್ ಕವರ್, ಗ್ಲೂಕೋಸ್ — ಎಲ್ಲ ಆಯ್ತು. ಇವ್ರು ಕರೀತಿದಾರೆ.

ಅಕ್ಟೋಬರ್ 6

ಬರೀಬೇಕು. ಬರೀದೆ ತಲೆ ಸಿಡೀತಿದೆ.

ಮೋನಿಕಾ ಇಲ್ಲ. ಆಗಸ್ಟ್ 25.

ನೀರಿಗೆ ಇಳೀಲೇ ಇಲ್ಲ. ಬಟ್ಟೆ ಬದಲಿಸೋ ರೂಮಲ್ಲಿ ಸೂಟ್ ಹಾಕಿಸ್ತಿದ್ದೆ. ಉಸಿರು ಜೋರು ಜೋರಾಗಿ ಬರ್ತಿತ್ತು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಸೊಂಟಕ್ಕೆ ಏರಿಸೋಷ್ಟರಲ್ಲಿ ನನ್ನ ಭುಜಕ್ಕೆ ಒರಗಿದ್ಲು. ಆಸ್ಪತ್ರೆಯಲ್ಲಿ ಒಂದು ಹಗಲು, ಒಂದು ರಾತ್ರಿ. ಕಣ್ಣು ಬಿಡಲಿಲ್ಲ.

ಸಕ್ಕರೆ ಕಾಯಿಲೆಯಂತೆ. ಮೈ ತುಂಬ ಏರಿಬಿಟ್ಟಿತ್ತಂತೆ. ಮಕ್ಕಳಿಗೂ ಬರುತ್ತೆ ಅಂತ ನಮಗೇನು ಗೊತ್ತು. ಮೊದಲೇ ಗೊತ್ತಾಗಿದ್ರೆ ದಿನಾ ಇಂಜೆಕ್ಷನ್ ತಗೊಂಡು ಇರ್ತಿದ್ಲಂತೆ. ಈಜ್ತಾನೂ ಇರ್ತಿದ್ಲಂತೆ.

ಡಾಕ್ಟರಮ್ಮ ಒಂದೊಂದೇ ಕೇಳಿದ್ರು. ನೀರು ಜಾಸ್ತಿ ಕುಡೀತಿದ್ಲಾ? ಹೌದು. ಬಚ್ಚಲಿಗೆ ಇರುವೆ ಬರ್ತಿತ್ತಾ? ಹೌದು. ತೂಕ ಇಳಿದಿತ್ತಾ? "ಇಲ್ಲ ಮೇಡಂ, ಚೆನ್ನಾಗಿ ತಿಂತಿದ್ಲು" ಅಂದ್ರು ಇವ್ರು.

ನಾನು ಸುಮ್ಮನಿದ್ದೆ. ಎಷ್ಟು ಇಳಿದಿತ್ತು ಅಂತ ನನಗೆ ಗೊತ್ತಿತ್ತು. ಮೊದಲು ಕಾಲು ಇಂಚು, ಆಮೇಲೆ ಅರ್ಧ ಇಂಚು, ಎರಡೂ ಪಕ್ಕ. ಸುತ್ತಳತೇಲಿ ಮೂರು ಇಂಚು. ಬೇರೆ ಯಾರದ್ದಾದ್ರೂ ಆಗಿದ್ರೆ ಮಿಷನ್ನಿಗೆ ಕೂರೋ ಮೊದಲು ಟೇಪ್ ಹಿಡೀತಿದ್ದೆ. ನನ್ನ ಮಗಳು ಅಂತ ಹಿಡೀಲಿಲ್ಲ. ಬಟ್ಟೆಗೆ ಬೈದೆ.

ಅಕ್ಟೋಬರ್ 19

ಇವತ್ತು ಇವ್ರಿಗೆ ಹೇಳಿದೆ. ಸೂಟ್ ತೆಗೆದು ಹೊಲಿಗೆ ತೋರಿಸಿ ಹೇಳಿದೆ. ಹೊಡೀಲಿ ಅನ್ನಿಸ್ತು. ಹೊಲಿಗೆ ಮೇಲೆ ಬೆರಳಾಡಿಸಿದ್ರು, ಅಷ್ಟೇ. "ದಿನಾ ಬೆಳಿಗ್ಗೆ ಜೀಪಲ್ಲಿ ನನ್ನ ಪಕ್ಕ ಕೂತು ಬಸ್ ಸ್ಟ್ಯಾಂಡಿಗೆ ಬರ್ತಿದ್ಲು. ನನಗೂ ಕಾಣಲಿಲ್ವಲ್ಲೇ." ಎದ್ದು ಹಿತ್ತಲಿಗೆ ಹೋದ್ರು. ಊಟಕ್ಕೂ ಬರಲಿಲ್ಲ.

ಸಂಜೆ ಹರ್ಷವರ್ಧನ ಸರ್ ಫೋನ್. ಮುಂದಿನ ತಿಂಗಳು ಮೀಟ್ ಇದೆ, ಶಿಫಾ ಹೋಗ್ತಾಳೆ... ಆ ಸೂಟ್... "ಬೇಡ ಅಂದ್ರೆ ನಾನು ಕೇಳೇ ಇಲ್ಲ ಅನ್ಕೊಳ್ಳಿ ಪ್ರೇಮಕ್ಕ."

ಭಾನುವಾರ ಕಳಿಸಿ, ಬರೋ ವಾರ, ಅಂದೆ.

ಅಕ್ಟೋಬರ್ 26, ಶನಿವಾರ

ಹೊಲಿಗೆ ಬಿಚ್ಚಿದೆ. ಎರಡು ಗಂಟೆ ಹಿಡೀತು. ನನ್ನ ಹೊಲಿಗೆ ಗಟ್ಟಿ ಅಂತ ಊರೆಲ್ಲ ಹೇಳುತ್ತೆ.

ಅಕ್ಟೋಬರ್ 27, ಭಾನುವಾರ

ಶಿಫಾ ಬಂದ್ಲು. ಬಾಗಿಲಲ್ಲೇ ನಿಂತ್ಲು. "ಆಂಟಿ, ನಿಮಗೆ ಕಷ್ಟ ಆದ್ರೆ ಬೇಡ."

"ಬಾ ಒಳಗೆ. ಮೊದಲು ಕೈ ಎತ್ತು" ಅಂದೆ. ಟೇಪ್ ಹಿಡಿದೆ. ಎದೆ, ಸೊಂಟ, ತೊಡೆ, ತೋಳು. ಜೂನಲ್ಲಿ ಎಷ್ಟಿತ್ತೋ ಅಷ್ಟೇ. ಪ್ರತಿ ಭಾನುವಾರ ಬರಬೇಕು, ಮೀಟ್ ಇರಲಿ ಬಿಡಲಿ, ಅಂದೆ. ಯಾಕೆ ಅಂತ ಕೇಳಲಿಲ್ಲ ಹುಡುಗಿ.

ಪಾದಕ್ಕೆ ಕವರ್ ಹಾಕಿ, ಹೆಬ್ಬೆರಳಲ್ಲಿ ಏರಿಸ್ತಾ ಬಂದೆ. ಏರಲ್ಲ. ಮಂಡಿ ಹತ್ತಿರ ನಿಂತುಬಿಡ್ತು. ಮತ್ತೆ ಎಳೆದೆ. ಶಿಫಾ ಸ್ಟೂಲ್ ಹಿಡ್ಕೊಂಡು ಕುಣಿದ್ಲು, ನನ್ನ ಮುಖ ನೋಡಿ ನಿಲ್ಲಿಸಿದ್ಲು. ಕುಣಿ ಪರವಾಗಿಲ್ಲ ಅಂದೆ. ಭುಜದ ಪಟ್ಟಿ ಏರಿಸಿ ಗಡಿಯಾರ ನೋಡಿದೆ. ಇಪ್ಪತ್ತೈದು ನಿಮಿಷ. ಪಕ್ಕೆಗೆ ಬೆರಳು ತೂರಿಸೋಕೆ ನೋಡಿದೆ, ತೂರಲಿಲ್ಲ.

ಬಟ್ಟೆ ಸಡಿಲ ಆಗೇ ಇರಲಿಲ್ಲ. ಒಂದು ದಿನಾನೂ ಆಗಿರಲಿಲ್ಲ.

ಅವಳು ಹೋದ ಮೇಲೆ ಅಳತೆ ಪುಸ್ತಕ ತೆಗೆದೆ. ಹೊಸ ಹಾಳೆ. ತಾರೀಕು ಹಾಕಿದೆ. ಅಳತೆ ಎಲ್ಲ ಇಳಿಸಿದೆ. ಮೇಲೆ ಹೆಸರು ಬರೆಯೋಕೆ ಹೋಗಿ, ಕೈ ತಾನಾಗೇ ಮೋ