ಸರ್ದಾರನ ಸರಪಳಿ

ಫೆಬ್ರವರಿ ೪, ಮಂಗಳವಾರ

ಮತ್ತೆ ಬಾಗಿಲ ಚೌಕಟ್ಟು ಕಡಿದಿದ್ದಾನೆ. ಹೊಲಿಗೆ ಮಷೀನ್ ನಿಲ್ಲಿಸಿ ಬೈದೆ. ಮುಧೋಳದ ನಾಯಿ, ಹೆಸರು ಸರ್ದಾರ, ಮಾಡುವುದು ಬಡಗಿಯ ಕೆಲಸ. ಕಂಬ ಸುತ್ತಿ ಸುತ್ತಿ ಸರಪಳಿಯನ್ನೇ ಗಿಡ್ಡ ಮಾಡಿಕೊಂಡಿದ್ದ. ಹಸಿವಿರಬೇಕೆಂದು ಎರಡು ರೊಟ್ಟಿ ಜಾಸ್ತಿ ಹಾಕಿದೆ. ಅತ್ತೆ ದೃಷ್ಟಿ ತೆಗೆದರು. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ನಮ್ಮವರದು ಮಂಚದ ಮೇಲಿಂದಲೇ ಉಪದೇಶ. ಈ ಮನೆಯಲ್ಲಿ ಎಲ್ಲ ರೋಗಕ್ಕೂ ಔಷಧ ರೊಟ್ಟಿಯೇ.

ಫೆಬ್ರವರಿ ೬, ಸಂಜೆ

ಪಕ್ಕದ ಮನೆಯ ಪರಶು, ಹೆಂಡತಿಯ ಬ್ಲೌಸ್ ಒಯ್ಯಲು ಬಂದಿದ್ದ. ಸರ್ದಾರ ಜಿಗಿದು ಕಾಲಿನ ಮೀನಖಂಡಕ್ಕೆ ಹಲ್ಲು ಹಾಕಿಬಿಟ್ಟ. ರಕ್ತ... ಸಾಬೂನು ಹಚ್ಚಿ ತೊಳೆದು ದವಾಖಾನೆಗೆ ಕಳಿಸಿದೆವು. ಮೊದಲ ಇಂಜೆಕ್ಷನ್ ಆಯಿತು. ಹತ್ತು ದಿನ ನಾಯಿಯನ್ನು ಹೊರಗೆ ಬಿಡದೆ ನೋಡಬೇಕಂತೆ.

ಅಲ್ಲಿಂದ ಬರುವಾಗ ಪರಶು ನಮ್ಮ ಬಾಗಿಲಲ್ಲೇ ನಿಂತು ಹೇಳಿಹೋದ: "ಅಕ್ಕಾರ, ಇದಕ್ಕ ಹುಚ್ಚ ಹಿಡದೈತಿ. ಇನ್ನೊಮ್ಮಿ ಹೊರಗ ಕಂಡ್ರ ಬಡದ ಹಾಕತೇನಿ."

ತಪ್ಪು ಪರಶುವಿನದಲ್ಲ. ಅದೇ ಸಂಕಟ.

ಫೆಬ್ರವರಿ ೮

ಸರ್ದಾರ ಊಳಿಟ್ಟರೆ ಓಣಿಯೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ. ಮುಂಗಾಲು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿದ್ದಾನೆ. ನನಗೂ ಅನುಮಾನ... ಪಶುವೈದ್ಯ ಸಂದೀಪರನ್ನು ಮನೆಗೇ ಕರೆಸಿದೆ.

"ನೀರ ಕುಡೀತೈತೇನ್ರಿ?"

"ಬಕೀಟಗಟ್ಲೆ."

"ಊಟ?"

"ಮೊದಲಿಗಿಂತ ಜಾಸ್ತಿ ಹಾಕತೇನ್ರಿ."

"ಓಡೂದು?"

ನಾನು ಕಂಬದ ಸರಪಳಿಯ ಕಡೆ ನೋಡಿದೆ. ಮಂಚದ ಮೇಲಿಂದ ನಮ್ಮವರು ಮೆಲ್ಲಗೆ ಅಂದರು, "ನನ್ನ ಕಾಲ ಮುರದಾಗಿಂದ ಓಡೇ ಇಲ್ರಿ."

ಅದಕ್ಕೂ ಮೊದಲು ದಿನಾ ನಸುಕಿಗೆ ಇವರ ಸ್ಕೂಟಿಯ ಹಿಂದೆ ಸಂಪಗಾಂವ ರಸ್ತೆಯ ಹೊಲದ ತನಕ ಓಡುತ್ತಿದ್ದ. ಥೂ, ನನ್ನ ಕಣ್ಣಿಗೆ ಏನಾಗಿತ್ತು? ಹಗಲೆಲ್ಲ ಪಕ್ಕದಲ್ಲೇ ಕೂತು ಹೊಲಿದವಳು ನಾನು.

"ಹತ್ತ ದಿನಾ ಮುಗಿಯೂತನಕ ಖಾತ್ರಿ ಹೇಳಾಕ ಬರೂದಿಲ್ರಿ," ಎಂದರು ಸಂದೀಪ. "ಆದ್ರ ಹುಚ್ಚ ಅನಸೂದಿಲ್ಲ. ಮಾಳಗಿ ಮ್ಯಾಲ ಆಡಸ್ರಿ. ಹಗ್ಗ ಮಾತ್ರ ಬಿಡಬ್ಯಾಡ್ರಿ."

ಫೆಬ್ರವರಿ ೧೧, ಮುಂಜಾನೆ

ಮೂರು ದಿನದಿಂದ ಮಾಳಿಗೆಯ ಮೇಲೆ ಚೆಂಡಾಟ. ಸೀರೆ ಎತ್ತಿ ಕಟ್ಟಿ ನಾನೂ ಓಡುತ್ತೇನೆ. ನಿನ್ನೆ ಮಧ್ಯಾಹ್ನ ಮಷೀನಿನ ಕೆಳಗೆ ಗೊರಕೆ ಹೊಡೆದ. ಚೌಕಟ್ಟು ಮುಟ್ಟಿಲ್ಲ. ಆದರೆ ಪರಶು ಕೆಳಗಿನಿಂದ ಕೂಗುತ್ತಾನೆ — "ಹುಚ್ಚನಾಯಿ ಕುಣಸಾಕ ಹತ್ತೀರೇನು?"

ಅದೇ ದಿನ, ಬೆಳಿಗ್ಗೆ ೮ ಗಂಟೆ

ಹಗ್ಗ ಕೈಜಾರಿತು. ಚೆಂಡು ಪರಶುವಿನ ಮಾಳಿಗೆಗೆ — ಗೋಡೆಗೆ ಗೋಡೆ ಅಂಟಿದ ಮನೆಗಳು — ಹಿಂದೆಯೇ ಸರ್ದಾರ. ಅಲ್ಲೇ ಪರಶು. ಕೈಯಲ್ಲಿ ಬಡಿಗೆ.

ಸರ್ದಾರ ಏದುಸಿರು ಬಿಡುತ್ತ ಅವನನ್ನು ದಾಟಿ, ಗುಬ್ಬಿಗಳಿಗಿಟ್ಟ ನೀರಿನ ಪರಾತಕ್ಕೆ ಬಾಯಿ ಹಾಕಿದ. ಲೊಚ ಲೊಚ. ತಳ ಕಾಣುವ ತನಕ ಕುಡಿದ. ಹುಚ್ಚುನಾಯಿ ನೀರು ಮುಟ್ಟುವುದಿಲ್ಲವೆಂದು ಈ ಕಡೆ ಎಲ್ಲರೂ ನಂಬಿದವರು. ಪರಶು ಬಡಿಗೆ ಎತ್ತಿದವ ಎತ್ತಿದಂತೆಯೇ ನಿಂತ. ಆಮೇಲೆ ಹೆಂಡತಿಯನ್ನು ಕೂಗಿದ:

"ಪೂನಮ್, ಒಂದ ಕೊಡಾ ನೀರ ತಾ."

ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಫೆಬ್ರವರಿ ೧೭, ನಸುಕು

ಹತ್ತು ದಿನ ಕಳೆದವು. ನಿನ್ನೆ ಸಂದೀಪ ನೋಡಿ, "ಆರಾಮ ಅದಾನ್ರಿ" ಎಂದರು. ಪರಶುವಿನ ಇಂಜೆಕ್ಷನ್ ಇನ್ನೂ ಬಾಕಿ. ಬಾಗಿಲಿಗೆ ಬಂದು ಹೇಳಿದ, "ದಿನಾ ಓಡಸ್ರಿ ಮತ್ತ. ಇಲ್ಲಾಂದ್ರ ನಂದಿನ್ನೊಂದ ಕಾಲ ಐತಿ."

ಅತ್ತೆ ಹೆಚ್ಚಿನ ರೊಟ್ಟಿ ನಿಲ್ಲಿಸಿದ್ದಾರೆ. ನಮ್ಮವರು ಸ್ಕೂಟಿಯ ಕೀಲಿ ನನ್ನ ಕೈಗಿಟ್ಟರು. ಸಂಪಗಾಂವ ರಸ್ತೆಗೆ ಇವತ್ತಿನಿಂದ ನಾನೇ. ಬ್ರೇಕು ಒಂದಿಷ್ಟು ಸಡಿಲ, ಅದನ್ನು ಮೊದಲು — ಅಯ್ಯ, ಸರ್ದಾರ ಹಗ್ಗ ಕಚ್ಚಿ ತಂದು ಪುಟದ ಮೇಲೇ ಹಾಕಿದ. ತಾಳಪ್ಪಾ, ಈ ಸಾಲೊಂದು ಮುಗಿ