ನನಗೆ ಕೇಳಿಸಿದ್ದು

ಜೂನ್ 3, ಸೋಮವಾರ

ಇವತ್ತು ಕಿವಿ ಪರೀಕ್ಷೆಗೆ ಹನ್ನೊಂದು ಜನ. ಇಪ್ಪತ್ತೆರಡು ಕಿವಿ ಆಗಬೇಕಿತ್ತು, ಇಪ್ಪತ್ತೊಂದೇ ಆದವು. ಒಬ್ಬರ ಎಡಗಿವಿಯಲ್ಲಿ ಗುಗ್ಗೆ ತುಂಬಿತ್ತು, ಕ್ಲೀನ್ ಮಾಡಿಸಿಕೊಂಡು ಬನ್ನಿ ಅಂದೆ. ಕ್ಯಾಬಿನ್ ಒಳಗೆ ವಿಪರೀತ ಸೆಕೆ. ಬಾಗಿಲು ಮುಚ್ಚಿದರೆ ನನ್ನ ಉಸಿರೇ ನನಗೆ ಕೇಳುತ್ತದೆ.

ಬೀಪ್ ಮುಗಿದ ಮೇಲೆ ಪದಗಳ ಲಿಸ್ಟ್. ಬಾಯಿಗೆ ರಟ್ಟು ಅಡ್ಡ ಹಿಡಿದು ನಾನು ಓದುವುದು, ಅವರು ತಿರುಗಿ ಹೇಳುವುದು. ರಟ್ಟು ಇಲ್ಲದಿದ್ದರೆ ತುಟಿ ನೋಡಿ ಹೇಳಿಬಿಡುತ್ತಾರೆ, ಮಹಾ ಕಿಲಾಡಿಗಳು. ಮರ, ಬಲೆ, ಕಾಗೆ, ಬೇಗ... ರಿಟೈರ್ ಆದ ಬಸ್ ಡ್ರೈವರ್ ಒಬ್ಬರು ಹೆಂಡತಿ ಜೊತೆ ಬಂದಿದ್ದರು. ನಾನು "ಬೇಗ" ಅಂದೆ. ಅವರು "ಬೇಡ" ಅಂದರು.

"ಮನೇಲೂ ಹೀಗೇನೇ. ಏನು ಕೇಳಿದ್ರೂ ಬೇಡ" ಅಂದರು ಹೆಂಡತಿ.

ನಗಬೇಕಿತ್ತು. ನಗು ಬರಲಿಲ್ಲ. ಆ ಪದ ಬಂದಾಗಲೆಲ್ಲ ನನ್ನ ದನಿ ಕುಗ್ಗುತ್ತದೆ. ಆರು ವರ್ಷ ಆಯಿತು, ಇನ್ನೂ.

ಡಾಕ್ಟರ ಮೇಜಿನ ಮೇಲೆ ಒಂದು ಪಾಂಪ್ಲೆಟ್ ಇತ್ತು. ಲೈಬ್ರರಿ ಮಹಡಿಯಲ್ಲಿ ಎರಡು ವಾರಕ್ಕೊಮ್ಮೆ ಶನಿವಾರ ಸಂಜೆ 'ನಡೆದದ್ದು' ಅನ್ನುವ ಕಾರ್ಯಕ್ರಮ. ನಿಮ್ಮ ಬದುಕಿನಲ್ಲಿ ನಡೆದ ಒಂದು ನಿಜ, ಐದು ನಿಮಿಷ, ಕಾಗದ ನೋಡುವಂತಿಲ್ಲ. ಬ್ಯಾಗಿಗೆ ಹಾಕಿಕೊಂಡೆ. ಯಾಕೋ.

ಜೂನ್ 8, ಶನಿವಾರ

ಹೋಗಿ ಬಂದೆ. ಸುಮ್ಮನೆ ಕೇಳಲು.

ಪ್ಲಾಸ್ಟಿಕ್ ಕುರ್ಚಿಗಳು, ನಲವತ್ತು ಜನ, ಕೀರಲು ಮೈಕು. ನಡೆಸುವವರು ಹಳೆಯ ಲೈಬ್ರೇರಿಯನ್. ಐದು ನಿಮಿಷಕ್ಕೆ ಸರಿಯಾಗಿ ಮೇಜಿನ ಗಂಟೆ ಕುಟ್ಟುತ್ತಾರೆ. ಎಲ್ಲರೂ ಅವರನ್ನು ಗಂಟೆ ಮೇಡಂ ಅನ್ನುತ್ತಾರೆ. ಮುಖದೆದುರೇ.

ಮೀಟರ್ ರೀಡರ್ ಒಬ್ಬ ಯಾರದೋ ಟೆರೇಸಿನಲ್ಲಿ ಮೂರು ಗಂಟೆ ಸಿಕ್ಕಿಹಾಕಿಕೊಂಡದ್ದನ್ನು ಹೇಳಿದ. ಹೊಟ್ಟೆ ಹುಣ್ಣಾಗುವಷ್ಟು ನಗು. ಆಮೇಲೆ ಒಬ್ಬ ಹೆಂಗಸು, ತಾನು ಮಗುವಿಗೆ ಹೊಡೆಯುತ್ತಿದ್ದದ್ದನ್ನು ಹೇಳಿದಳು. ನೇರವಾಗಿ, ನೆಪ ಹೇಳದೆ. ವೇದಿಕೆಯಿಂದ ಇಳಿಯುವಾಗ ಅವಳ ಮುಖ ನೋಡಿದೆ. ಜ್ವರ ಬಿಟ್ಟವರ ಮುಖ. ಹೊಟ್ಟೆಕಿಚ್ಚಾಯಿತು.

ಹೊರಡುವಾಗ ಹೆಸರು ಬರೆಸಿದೆ. ಗಂಟೆ ಮೇಡಂ ನನ್ನ ಕೈ ಹಿಡಿದು, "ಚೆಂದ ಇರಬೇಕು ಅಂತೇನಿಲ್ಲಮ್ಮ. ನಿಜ ಇದ್ರೆ ಸಾಕು" ಅಂದರು.

ಹೇಳಿಬಿಡಬೇಕು. ಗುರುತಿಲ್ಲದವರ ಮುಂದೆ ಸುಲಭ.

ಜೂನ್ 22, ಶನಿವಾರ, ಸಂಜೆ 7.30

ಹೇಳಿದೆ. ಚಪ್ಪಾಳೆ ನಿಲ್ಲಲೇ ಇಲ್ಲ. ಮೀಟರ್ ರೀಡರ್ ಕಣ್ಣೊರೆಸಿಕೊಂಡ. ಗಂಟೆ ಮೇಡಂ ಗಂಟೆ ಕುಟ್ಟುವುದನ್ನೇ ಮರೆತರು — ಇದೇ ಮೊದಲ ಸಲವಂತೆ. ಆಗಸ್ಟಿನ ವಾರ್ಷಿಕ ಕಾರ್ಯಕ್ರಮಕ್ಕೂ ನನ್ನದೇ ಬೇಕಂತೆ.

ನಾಳೆ ಬರೆಯುತ್ತೇನೆ.

ಜೂನ್ 23, ಭಾನುವಾರ

ಅಲ್ಲಿ ಹೇಳಿದ್ದು ಹೀಗೆ. ಅಪ್ಪನಿಗೆ ಸ್ಟ್ರೋಕ್ ಆಗಿ ಮಾತು ಹೆಚ್ಚುಕಡಿಮೆ ಹೋಗಿತ್ತು. ಮೂರು ವರ್ಷ ನಾನೇ ನೋಡಿಕೊಂಡೆ. ಅದಕ್ಕೂ ಮೊದಲೇ ಅಪ್ಪನಿಗೂ ಅಕ್ಕನಿಗೂ ಜಗಳವಾಗಿ, ಮುಖ ತೋರಿಸಬೇಡ ಅಂದುಬಿಟ್ಟಿದ್ದರು. ಕೊನೆಯ ವಾರ ಅಕ್ಕ ಫೋನ್ ಮಾಡಿದಳು. "ಬರಲಾ ಅಂತ ಅಪ್ಪನ್ನ ಕೇಳೇ." ಕೇಳಿದೆ. ಅಪ್ಪ ಒಂದೇ ಪದ ಹೇಳಿದರು. ನನಗೆ 'ಬೇಡ' ಅಂತ ಕೇಳಿಸಿತು. ಹಾಗೇ ಹೇಳಿದೆ. ಅಕ್ಕ ಬರಲಿಲ್ಲ. ಮೂರನೇ ದಿನ ಅಪ್ಪ ಹೋದರು. ಆರು ವರ್ಷದ ಮೇಲೆ ಕ್ಯಾಬಿನ್ನಿನಲ್ಲಿ ಒಬ್ಬ ಬಸ್ ಡ್ರೈವರ್ 'ಬೇಗ'ವನ್ನು 'ಬೇಡ' ಅಂದಾಗ ತಟ್ಟನೆ ಹೊಳೆಯಿತು. ಅಪ್ಪ ಅಂದದ್ದು 'ಬೇಗ'! ಊರ ಕಿವಿಯೆಲ್ಲ ಪರೀಕ್ಷೆ ಮಾಡುವವಳ ಕಿವಿಯೇ ಕೈಕೊಟ್ಟಿತ್ತು.

ಇನ್ನು ನಿಜ. ಇಲ್ಲಾದರೂ ಬರೆಯುತ್ತೇನೆ.

ಡ್ರೈವರ್ ನಿಜ. ಹೊಳೆದದ್ದು ಸುಳ್ಳು. ಹೊಳೆಯುವುದಕ್ಕೆ ಏನಿತ್ತು? ಕ್ಲಿನಿಕ್ಕಿನ ಲಿಸ್ಟ್ ಮನೆಗೆ ತಂದು, ತುಟಿ ಕಾಣಲಿ ಅಂತ ರಟ್ಟು ಇಲ್ಲದೆ, ದಿನಾ ಬೆಳಿಗ್ಗೆ ಅಪ್ಪನಿಗೆ ಮಾತು ಕಲಿಸಿದವಳು ನಾನು. ಮೂರು ವರ್ಷಕ್ಕೆ ಏಳು ಪದ ಬಂದವು. ಅದರಲ್ಲಿ 'ಬೇಗ' ಒಂದು. 'ಬೇಡ' ಲಿಸ್ಟಿನಲ್ಲೇ ಇರಲಿಲ್ಲ. ಬೇಡವಾದರೆ ಮುಖ ತಿರುಗಿಸುತ್ತಿದ್ದರು, ಅಷ್ಟೇ.

ಸ್ಪಷ್ಟವಾಗಿ ಕೇಳಿಸಿತ್ತು. ಬೇಗ. ಎರಡು ಸಲ ಅಂದರು.

ಉಣಿಸಿದ್ದು ನಾನು, ತೊಳೆದದ್ದು ನಾನು. ಬಾಗಿಲು ಸದ್ದಾದರೆ ಮಾತ್ರ ಅವರ ಕಣ್ಣು ಅರಳುತ್ತಿತ್ತು — ಅವಳು ಬಂದಳೇನೋ ಅಂತ. ನನ್ನ ಹೆಸರು ಆ ಏಳು ಪದಗಳಲ್ಲಿ ಇರಲಿಲ್ಲ. ನಾನು ಕಲಿಸಿದ ಪದದಲ್ಲೇ ಅವಳನ್ನು ಕರೆದರಲ್ಲ... ಫೋನಿಗೆ ಹೇಳಿದೆ: "ಬೇಡ ಅಂತಿದ್ದಾರೆ." ಅಪ್ಪ ನನ್ನನ್ನೇ ನೋಡುತ್ತಿದ್ದರು. ಅವರ ಕಿವಿ ಚೆನ್ನಾಗಿಯೇ ಇತ್ತು.

ನಿನ್ನೆ ನಿಜ ಹೇಳಲೆಂದೇ ವೇದಿಕೆ ಹತ್ತಿದ್ದೆ. ಆ ಜಾಗಕ್ಕೆ ಬಂದಾಗ ಎದುರಿಗೆ ಮುಖಗಳು. ಎಲ್ಲ ನನ್ನ ಕಡೆ, ಕರುಣೆಯಿಂದ. 'ಬೇಗ ಅಂದರೂ ಬೇಡ ಅಂತ ಹೇಳಿದೆ' ಅನ್ನಬೇಕಿತ್ತು. 'ಕೇಳಿಸಿತು' ಅಂದೆ.

ಜುಲೈ 9, ಮಂಗಳವಾರ

ಅಕ್ಕನ ಫೋನ್. ಆರು ವರ್ಷದ ಮೇಲೆ.

ಲೈಬ್ರರಿಯವರು ವಿಡಿಯೋ ಹಾಕಿದ್ದರಂತೆ. ಅಕ್ಕನ ಮಗಳು ನೋಡಿ ತೋರಿಸಿದಳಂತೆ. ಮೊದಲು ಬರೀ ಅಳು. ಆಮೇಲೆ, "ಪುಟ್ಟೀ, ಅಪ್ಪ ನನ್ನನ್ನ ಕರೆದಿದ್ರೇನೇ?"

"ಹೂಂ" ಅಂದೆ. ಆ ಒಂದು ಮಾತು ನಿಜ.

"ಬೇಗ ಅಂದ್ರಾ? ನಿಜವಾಗ್ಲೂ?"

"ಹೂಂ."

"ಅಯ್ಯೋ, ಕಿವಿ ತಪ್ಪಿದ್ದಕ್ಕೆ ನೀನೇನು ಮಾಡ್ತೀಯೇ. ಮೂರು ವರ್ಷ ನಿದ್ದೆಗೆಟ್ಟವಳು. ಅಳಬೇಡ."

ನಾನು ಅಳುತ್ತಿರಲಿಲ್ಲ. ವಾರ್ಷಿಕಕ್ಕೆ ಬರುತ್ತಾಳಂತೆ. ಮೊದಲ ಸಾಲಿನಲ್ಲೇ ಕೂರುತ್ತಾಳಂತೆ.

ಜುಲೈ 30, ಮಂಗಳವಾರ

ದಿನಾ ಫೋನ್ ಮಾಡುತ್ತಾಳೆ. ಏನು ತಿಂದೆ, ಮೊಣಕಾಲು ನೋವು ಹೇಗಿದೆ, ಅಪ್ಪ ಆಗ ಯಾವ ಕಡೆ ತಿರುಗಿ ಮಲಗಿದ್ದರು. ಈಗ ಚೆನ್ನಾಗಿ ನಿದ್ದೆ ಬರುತ್ತಿದೆಯಂತೆ. ನನಗೆ ಇದ್ದದ್ದೂ ಹೋಯಿತು.

ಗಂಟೆ ಮೇಡಂ ಹತ್ತಿರ ಹೋಗಿ, ನನ್ನ ಹೆಸರು ತೆಗೆಯಿರಿ ಅಂದೆ. "ಚೆನ್ನಾಗಿ ಹೇಳಿದ್ರಿ! ನಿಮ್ಮನ್ನ ಕೇಳೋಕೇ ಅರ್ಧ ಜನ ಬರ್ತಿರೋದು" ಅಂದರು. ಅದು ನಿಜ ಅಲ್ಲ ಮೇಡಂ ಅನ್ನಲು ಬಾಯಿ ತೆರೆದೆ. ಟೀ ಬಂತು. ಕುಡಿದು ಬಂದೆ.

ಎಂಥಾ ಹೇಡಿ ನಾನು. ಮಗುವಿಗೆ ಹೊಡೆದವಳ ಕಾಲ ಧೂಳಿಗೂ ಸಮ ಅಲ್ಲ.

ಆಗಸ್ಟ್ 9, ಶುಕ್ರವಾರ

ಅಕ್ಕ ಬಂದಳು. ತಲೆಯೆಲ್ಲ ಬೆಳ್ಳಗಾಗಿದೆ. ಬಾಗಿಲಲ್ಲೇ ತಬ್ಬಿಕೊಂಡು ಬಿಡಲೊಲ್ಲಳು. ಚೀಲದಲ್ಲಿ ಅಪ್ಪನ ಫೋಟೋ, ಹೊಸ ಫ್ರೇಮು. ಇಷ್ಟು ವರ್ಷ ಪೆಟ್ಟಿಗೆಯ ತಳದಲ್ಲಿತ್ತಂತೆ, ಮುಖ ಕೆಳಗೆ ಮಾಡಿ. ಈಗ ನನ್ನ ಮೇಜಿನ ಮೇಲೆ ಇಟ್ಟಿದ್ದಾಳೆ.

ಇವತ್ತೇ ಹೇಳಬೇಕು ಅಂದುಕೊಂಡೆ. ಅವಳು ಬಟ್ಟೆ ಮಡಿಸುತ್ತಿದ್ದಾಗ, "ಅಕ್ಕಾ, ಆ ಫೋನಿನ ವಿಷಯ..." ಅಂದೆ.

"ಈಗ ಬೇಡವೇ. ನಾಳೆ ಹೇಳ್ತೀಯಲ್ಲ. ನಾನು ಎಲ್ಲರ ಜೊತೆ ಕೂತು, ಮೊದಲ್ನೇ ಸಲ ಕೇಳೋ ಹಾಗೆ ಕೇಳ್ಬೇಕು."

ಸರಿ, ನಾಳೆ ಅಲ್ಲೇ ಹೇಳುತ್ತೇನೆ. ಮೈಕಿನಲ್ಲಿ, ನಿಜವನ್ನು. ಅವಳು ಎದ್ದು ಹೋದರೆ ಹೋಗಲಿ.

ಆಗಸ್ಟ್ 10, ಶನಿವಾರ, ಸಂಜೆ

ಕೇಳಿಸಿತು ಅಂದೆ. ಮತ್ತೆ.

ಬಾಯಿ ತಾನಾಗಿ ಹೇಳಿತು. ಮೊದಲಿಗಿಂತ ಚೆನ್ನಾಗಿಯೇ ಹೇಳಿದೆ, ಎಲ್ಲಿ ನಿಲ್ಲಿಸಬೇಕು ಈಗ ಗೊತ್ತಲ್ಲ. ಅಕ್ಕ ಮೊದಲ ಸಾಲಿನಲ್ಲಿ, ಎರಡೂ ಕೈ ಬಾಯಿಯ ಮೇಲೆ.

ಮುಗಿದ ಮೇಲೆ ಎದ್ದು ಬಂದು ಮೈಕ್ ಕೇಳಿದಳು. ಗಂಟೆ ಮೇಡಂ ಕೊಟ್ಟರು.

"ನಾನೇ ಆ ಅಕ್ಕ" ಅಂದಳು. ಸಭೆಯೆಲ್ಲ ಹೋ ಅಂದಿತು. "ನನ್ನದೂ ಒಂದು ನಿಜ ಇದೆ. ಇವಳಿಗೆ ಗೊತ್ತಿಲ್ಲ. ಆವತ್ತು ಫೋನ್ ಇಟ್ಟ ಮೇಲೆ ನನಗೆ ಒಂದು ಕೆಟ್ಟ ಅನುಮಾನ ಬಂತು. ಅಪ್ಪ ಹಾಗಂದಿರಲ್ಲ, ಇವಳೇ ಸುಳ್ಳು ಹೇಳ್ತಿದ್ದಾಳೆ ಅಂತ. ಆರು ವರ್ಷ ಅದನ್ನ ಹೊಟ್ಟೇಲಿ ಇಟ್ಕೊಂಡಿದ್ದೆ. ಅದಕ್ಕೇ ಮಾತು ಬಿಟ್ಟಿದ್ದು. ಅಪ್ಪನ್ನ ನೋಡ್ಕೊಂಡ ಕೈ ಇದು... ನನ್ನ ಮನಸ್ಸು ಎಷ್ಟು ಕೊಳಕು ನೋಡಿ. ಪುಟ್ಟೀ, ಇಷ್ಟು ಜನರ ಮುಂದೆ ಕೇಳ್ತಿದ್ದೀನಿ, ನನ್ನ ಕ್ಷಮಿಸೇ."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಬಗ್ಗಿ ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು, ನಾನು ಏನಾದರೂ ಅನ್ನಲಿ ಅಂತ ಕಾಯುತ್ತಾ.

"ಆಯ್ತು, ಬಿಡಕ್ಕ" ಅಂದೆ.

ಕ್ಷಮಿಸಿದೆ. ನಾನು. ಅವಳನ್ನು.

ಆಗಸ್ಟ್ 11, ಭಾನುವಾರ, ಬೆಳಿಗ್ಗೆ 9

ಸಾಯಬೇಕು ಅಂತಲ್ಲ. ಇರಬಾರದು ಅನಿಸುತ್ತಿದೆ. ಎರಡೂ ಒಂದೇ ಅಲ್ಲ.

ನಿನ್ನೆಯ ವಿಡಿಯೋ ಆಗಲೇ ಊರೆಲ್ಲ ಓಡಾಡುತ್ತಿದೆಯಂತೆ. ಅಕ್ಕ ಖುಷಿಯಾಗಿದ್ದಾಳೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಗುನುಗುತ್ತಿದ್ದಾಳೆ. ಇನ್ನು ತಿಂಗಳಿಗೊಮ್ಮೆ ಬರುತ್ತಾಳಂತೆ. ಅವಳಿಗೆ ಅಪ್ಪ ಸಿಕ್ಕರು, ತಂಗಿ ಸಿಕ್ಕಳು. ನಿಜ ಹೇಳಿದರೆ ಒಬ್ಬರನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಅವಳು ಸಾಯುವವರೆಗೂ ತನ್ನ ಮನಸ್ಸು ಕೊಳಕು ಅಂದುಕೊಂಡೇ ಇರುತ್ತಾಳೆ. ಅವಳಿಗೆ ಬಂದ ಅನುಮಾನ ಸರಿಯಾಗಿತ್ತು. ಅದನ್ನು ಹೇಳಬಲ್ಲವಳು ನಾನೊಬ್ಬಳೇ.

ಕೈ ಒರೆಸಿಕೊಂಡು ಬಂದಳು. "ಏನೇ ಅದು, ಬೆಳಿಗ್ಗೆಯಿಂದ ಬರೀತಿದ್ದೀಯ?"

"ಏನಿಲ್ಲ."

"ಮುಂದಿನ ಸಲಕ್ಕಾ? ಓದೇ, ನಾನೂ ಕೇಳ್ತೀನಿ. ನೀನು ಹೇಳ್ತಿದ್ರೆ ಕೇಳ್ತಾನೇ ಇರೋಣ ಅನ್ಸುತ್ತೆ."

ಬರೆದು ಮುಗಿಸುತ್ತೇನೆ ಇರು ಅಂದಿದ್ದೇನೆ. ಕುರ್ಚಿ ಎಳೆದುಕೊಂಡು ಎದುರಿಗೇ ಕೂತಿದ್ದಾಳೆ. ಪೆನ್ನು ನಿಂತರೆ ಓದಬೇಕು. ಅದಕ್ಕೇ ನಿಲ್ಲಿಸುತ್ತಿಲ್ಲ, ಏನಾದರೂ ಬರೆಯುತ್ತಿದ್ದೇನೆ, ಅಕ್ಕ ನಗುತ್ತಿದ್ದಾಳೆ, ಎಷ್ಟಿದೆಯೇ ಇನ್ನೂ ಅನ್ನುತ್ತಿದ್ದಾಳೆ, ಪುಟ ಮುಗಿಯುತ್ತಾ ಬಂತು, ಅಕ್ಕ ಪುಸ್ತಕಕ್ಕೆ ಕೈ ಚಾಚಿ